ಜರ್ನಲ್‌ಗೆ ಪೇಪರ್ ಕಳಿಸುವ ಮುನ್ನ ರೆಫರೆನ್ಸ್ ಸರಿಪಡಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಬೆಳಗಾವಿಯ ಎಂಜಿನಿಯರಿಂಗ್ ಸಂಶೋಧಕರಿರಲಿ, ಬಾಗಲಕೋಟೆಯ ತೋಟಗಾರಿಕೆ ವಿದ್ಯಾರ್ಥಿಗಳಿರಲಿ, ವಿಜಯಪುರದ ವೈದ್ಯಕೀಯ ಸ್ನಾತಕೋತ್ತರರಿರಲಿ, ಪೇಪರ್ ವಾಪಸ್ ಬಂದಾಗ ಜೊತೆಗೆ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ರೆಫರೆನ್ಸ್‌ಗಳು ಜರ್ನಲ್ ಶೈಲಿಯಲ್ಲಿಲ್ಲ, ಸರಿಪಡಿಸಿ ಕಳಿಸಿ.’ ಮತ್ತೆ ಕೂತು ಚುಕ್ಕಿ, ಅಲ್ಪವಿರಾಮ ತಿದ್ದುತ್ತಾರೆ. ಮತ್ತೆ ವಾಪಸ್ ಬರುತ್ತದೆ.

ತಪ್ಪು ಚುಕ್ಕಿಯಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಪಟ್ಟಿಯನ್ನು ಮೊದಲು ಕೈಯಿಂದ ಟೈಪ್ ಮಾಡಿ, ಆಮೇಲೆ ಶೈಲಿಗೆ ಹೊಂದಿಸಲು ಹೊರಟರೆ ಅದು ಮುಗಿಯುವ ಕೆಲಸವಲ್ಲ. ಮೊದಲು ಜರ್ನಲ್ ನಿಗದಿಯಾಗಬೇಕು, ಆಮೇಲೆ ಪ್ರತಿ ಆಕರದ ಮಾಹಿತಿ ಶುದ್ಧವಾಗಬೇಕು, ಅದಾದ ಮೇಲೆ ಪಠ್ಯದಲ್ಲಿ ಉಲ್ಲೇಖ ಕೂರಬೇಕು. ಶೈಲಿ ಬರುವುದು ಕಟ್ಟಕಡೆಗೆ, ಅದೂ ಒಂದು ಕ್ಲಿಕ್ಕಿನಲ್ಲಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಪೇಪರ್ ಕಳಿಸಬೇಕೆಂದಿರುವ ಜರ್ನಲ್‌ನ ಲೇಖಕರ ಸೂಚನೆಗಳು. ಅದೇ ಜರ್ನಲ್‌ನಲ್ಲಿ ಇತ್ತೀಚೆಗೆ ಪ್ರಕಟವಾದ ಮೂರು ಪೇಪರ್‌ಗಳ ಪಿಡಿಎಫ್. ಆಕರಗಳ ಮಾಹಿತಿ ಕೂಡಿಟ್ಟು ಪಟ್ಟಿ ಮಾಡಿಕೊಡುವ ಒಂದು ರೆಫರೆನ್ಸ್ ಮ್ಯಾನೇಜರ್ ತಂತ್ರಾಂಶ. ವರ್ಡ್ ಇರುವ ಕಂಪ್ಯೂಟರ್. ಮೊಬೈಲ್‌ನಲ್ಲಿ ಈ ಕೆಲಸ ಆಗುವುದಿಲ್ಲ.

ತಂತ್ರಾಂಶಗಳಲ್ಲಿ ಝೋಟೆರೋ ಮತ್ತು ಮೆಂಡೆಲಿ ಉಚಿತ, ಎಂಡ್‌ನೋಟ್‌ಗೆ ಹಣ ಕೊಡಬೇಕು. ಕಾಲೇಜಿನಲ್ಲಿ ಎಂಡ್‌ನೋಟ್ ಪರವಾನಗಿ ಇಲ್ಲದಿದ್ದರೆ ಝೋಟೆರೋ ಸಾಕು. ಅದರ ಉಚಿತ ಸಂಗ್ರಹದ ಮಿತಿ 300 ಎಂಬಿ. ಈ ಮಿತಿ ಆನ್‌ಲೈನ್‌ಗೆ ಏರಿಸುವ ಪಿಡಿಎಫ್‌ಗಳಿಗೆ ಮಾತ್ರ, ರೆಫರೆನ್ಸ್ ಮಾಹಿತಿಗೆ ಮಿತಿಯಿಲ್ಲ. ಮುಂದಿನ ಹಂತಗಳನ್ನು ಝೋಟೆರೋ ಲೆಕ್ಕದಲ್ಲೇ ಹೇಳಿದೆ. ಬೇರೆಯದರಲ್ಲಿ ಬಟನ್‌ಗಳ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಹಂತ 1: ಜರ್ನಲ್‌ನ ನಿಯಮವನ್ನು ಒಂದು ಹಾಳೆಗೆ ಇಳಿಸಿ

ಸೂಚನೆಗಳನ್ನು ಓದಿ ಮುಚ್ಚಿಟ್ಟರೆ ಉಪಯೋಗವಿಲ್ಲ. ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ: ಪಠ್ಯದಲ್ಲಿ ಸಂಖ್ಯೆಯೋ, ಲೇಖಕ ಮತ್ತು ವರ್ಷವೋ? ಸಂಖ್ಯೆಯಾದರೆ ಚೌಕ ಆವರಣದಲ್ಲೋ, ಸಾಲಿನ ಮೇಲೆ ಚಿಕ್ಕದಾಗಿಯೋ? ಪೂರ್ಣವಿರಾಮದ ಮುಂಚೆಯೋ, ನಂತರವೋ? ಪಟ್ಟಿ ಅಕಾರಾದಿಯೋ, ಬಂದ ಕ್ರಮವೋ? ಎಷ್ಟು ಲೇಖಕರ ನಂತರ ‘ಎಟ್ ಆಲ್’ (ಅಂದರೆ ‘ಮತ್ತು ಇತರರು’)? ಜರ್ನಲ್ ಹೆಸರು ಪೂರ್ತಿಯೋ, ಸಂಕ್ಷಿಪ್ತವೋ? ಡಿಒಐ (ಪೇಪರ್‌ನ ಶಾಶ್ವತ ಗುರುತು) ಕಡ್ಡಾಯವೋ? ಒಟ್ಟು ಎಷ್ಟು ರೆಫರೆನ್ಸ್‌ಗಳಿಗೆ ಅವಕಾಶ?

ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯವನ್ನು ಪೇಪರ್ ಮಾಡುವಾಗ ಅಲ್ಲಿನ ನೂರೈವತ್ತು ರೆಫರೆನ್ಸ್‌ಗಳೂ ಹಿಂದೆಯೇ ಬರುತ್ತವೆ. ಜರ್ನಲ್ ಮಿತಿ 40 ಆಗಿದ್ದರೆ ಅದು ತಿಳಿಯಬೇಕಾದದ್ದು ಈಗ, ಎಲ್ಲ ಜೋಡಿಸಿದ ಮೇಲಲ್ಲ.

‘ಎಟ್ ಆಲ್’ ನಿಯಮ ಶೈಲಿಯಿಂದ ಶೈಲಿಗೆ ಹೇಗೆ ಬದಲಾಗುತ್ತದೆ ನೋಡಿ. ವೈದ್ಯಕೀಯ ಜರ್ನಲ್‌ಗಳ ವ್ಯಾಂಕೂವರ್ ಶೈಲಿಯಲ್ಲಿ ಸಾಮಾನ್ಯವಾಗಿ ಮೊದಲ ಆರು ಹೆಸರು ಬರೆದು ಎಟ್ ಆಲ್. ಅಮೆರಿಕದ ವೈದ್ಯಕೀಯ ಸಂಘದ ಎಎಂಎ ಶೈಲಿಯಲ್ಲಿ ಆರು ಜನರವರೆಗೆ ಎಲ್ಲರ ಹೆಸರು, ಆರು ದಾಟಿದರೆ ಮೊದಲ ಮೂವರು ಮಾತ್ರ. ಎಂಜಿನಿಯರಿಂಗ್‌ನವರ ಐಇಇಇಯಲ್ಲಿ ಆರು ದಾಟಿದರೆ ಮೊದಲ ಒಬ್ಬರು. ಮನೋವಿಜ್ಞಾನ, ಸಮಾಜವಿಜ್ಞಾನದವರ ಎಪಿಎ ಶೈಲಿಯ 7ನೇ ಆವೃತ್ತಿಯ ಪಟ್ಟಿಯಲ್ಲಿ 20 ಜನರವರೆಗೂ ಎಲ್ಲರ ಹೆಸರು ಬರಬೇಕು. ಆದರೆ ಅದೇ ಎಪಿಎಯ ಪಠ್ಯದೊಳಗೆ ಮೂವರಿದ್ದರೂ ಮೊದಲ ಸಲದಿಂದಲೇ ಎಟ್ ಆಲ್. ಇದನ್ನೆಲ್ಲ ನೆನಪಿಡಬೇಕಿಲ್ಲ. ಕೈಯಿಂದ ಮಾಡಿದರೆ ಎಲ್ಲಿ ಜಾರುತ್ತೀರಿ ಎಂಬುದು ಗೊತ್ತಿದ್ದರೆ ಸಾಕು.

ಸೂಚನೆ ಒಂದು ಹೇಳಿ, ಪ್ರಕಟವಾದ ಪೇಪರ್‌ಗಳು ಇನ್ನೊಂದು ತೋರಿಸುವುದೂ ಉಂಟು. ಮೂರೂ ಪೇಪರ್‌ಗಳು ಒಂದೇ ರೀತಿ ಇದ್ದರೆ ಪೇಪರ್‌ಗಳನ್ನೇ ನಂಬಿ. ಸೂಚನೆಯ ಪುಟ ಹಳೆಯದಾಗಿರಬಹುದು. ಎಲ್ಸೆವಿಯರ್‌ನ ಹಲವು ಜರ್ನಲ್‌ಗಳು ಮೊದಲ ಸಲ್ಲಿಕೆಗೆ ಯಾವ ಶೈಲಿಯಾದರೂ ಸರಿ, ಉದ್ದಕ್ಕೂ ಒಂದೇ ಇರಲಿ ಎನ್ನುತ್ತವೆ. ನಿಮ್ಮ ಜರ್ನಲ್ ಹಾಗಿದ್ದರೆ ಅರ್ಧ ತಲೆನೋವು ಕಡಿಮೆ.

## ಹಂತ 2: ಆಕರಗಳನ್ನು ಡಿಒಐ ಹಾಕಿ ಎಳೆದುಕೊಳ್ಳಿ, ಟೈಪ್ ಮಾಡಬೇಡಿ

ಡಿಒಐ ಎಂದರೆ ಹೆಚ್ಚಿನ ಪೇಪರ್‌ಗಳಿಗೆ ಇರುವ ಶಾಶ್ವತ ಗುರುತು. ಯಾವಾಗಲೂ 10 ಮತ್ತು ಚುಕ್ಕಿಯಿಂದ ಶುರುವಾಗುತ್ತದೆ, ನಡುವೆ ಒಂದು ಓರೆಗೆರೆ ಇರುತ್ತದೆ. ಝೋಟೆರೋದಲ್ಲಿ ಮಂತ್ರದಂಡದ ಚಿತ್ರವಿರುವ ಬಟನ್ ಒತ್ತಿ ಡಿಒಐ ಅಂಟಿಸಿ. ಲೇಖಕರು, ಶೀರ್ಷಿಕೆ, ಜರ್ನಲ್, ಸಂಪುಟ, ಸಂಚಿಕೆ, ಪುಟ ಎಲ್ಲವೂ ತಂತಾನೇ ತುಂಬುತ್ತವೆ. ಪುಸ್ತಕಕ್ಕೆ ಐಎಸ್‌ಬಿಎನ್, ವೈದ್ಯಕೀಯ ಪೇಪರ್‌ಗೆ ಪಬ್‌ಮೆಡ್ ಸಂಖ್ಯೆ ಹಾಕಿದರೂ ನಡೆಯುತ್ತದೆ.

ಗೂಗಲ್ ಸ್ಕಾಲರ್‌ನ ‘ಸೈಟ್’ ಬಟನ್‌ನಿಂದ ಕಾಪಿ ಮಾಡುವುದು ಎಲ್ಲರ ರೂಢಿ, ಹೆಚ್ಚಿನ ದೋಷಗಳ ತವರೂ ಅದೇ. ಅಲ್ಲಿ ಡಿಒಐ ಇರುವುದಿಲ್ಲ, ಸಂಚಿಕೆ ಸಂಖ್ಯೆ ಆಗಾಗ ಬಿಟ್ಟುಹೋಗಿರುತ್ತದೆ, ಲೇಖಕರು ಹೆಚ್ಚಿದ್ದರೆ ಉಳಿದವರನ್ನು ‘ಅದರ್ಸ್’ ಎಂದು ಮುಗಿಸಿರುತ್ತದೆ. ಆ ‘ಅದರ್ಸ್’ ನಿಮ್ಮ ಪಟ್ಟಿಯಲ್ಲಿ ಒಬ್ಬ ಲೇಖಕನಾಗಿ ಬಂದು ಕೂರುತ್ತಾನೆ. ಹುಡುಕಲು ಸ್ಕಾಲರ್ ಬಳಸಿ, ಮಾಹಿತಿಯನ್ನು ಪ್ರಕಾಶಕರ ಪುಟದಿಂದಲೇ ತನ್ನಿ.

ಶೋಧಗಂಗಾದಲ್ಲಿರುವ ಪಿಎಚ್‌ಡಿ ಪ್ರಬಂಧಗಳಿಗೆ ಡಿಒಐ ಬದಲು ‘ಹ್ಯಾಂಡಲ್’ ಎಂಬ ಶಾಶ್ವತ ವೆಬ್ ವಿಳಾಸವಿರುತ್ತದೆ. ಅದರಲ್ಲಿ 10603 ಎಂಬ ಸಂಖ್ಯೆ ಬರುತ್ತದೆ. ಬ್ರೌಸರ್‌ನ ಮೇಲ್ಪಟ್ಟಿಯಲ್ಲಿ ಕಾಣುವ ಉದ್ದನೆಯ ವಿಳಾಸ ಬೇಡ, ಪುಟದೊಳಗೆ ಕೊಟ್ಟಿರುವ ಹ್ಯಾಂಡಲ್ ಹಾಕಿ. ಆಕರದ ಬಗೆಯನ್ನು ‘ಥೀಸಿಸ್’ ಎಂದು ಆರಿಸಿ, ವಿಶ್ವವಿದ್ಯಾಲಯದ ಹೆಸರು ತುಂಬಿ.

ಎಚ್ಚರಿಕೆ: ಚಾಟ್‌ಬಾಟ್ ಕೊಟ್ಟ ರೆಫರೆನ್ಸ್ ಪಟ್ಟಿಯನ್ನು ನೇರ ಸೇರಿಸಬೇಡಿ. ಅದು ಇಲ್ಲದ ಪೇಪರನ್ನೂ ನಿಜವಾದ ಜರ್ನಲ್ ಹೆಸರು, ನಂಬುವಂಥ ಲೇಖಕರ ಜೊತೆ ಹೆಣೆದು ಕೊಡುತ್ತದೆ. ಡಿಒಐ ತೆರೆಯದಿದ್ದರೆ, ಇಲ್ಲವೇ ತೆರೆದಾಗ ಬೇರೆಯೇ ಪೇಪರ್ ಬಂದರೆ, ಅದು ಕಟ್ಟುಕತೆಯಾಗಿರುವ ಸಾಧ್ಯತೆಯೇ ಹೆಚ್ಚು. ಶೀರ್ಷಿಕೆಯನ್ನು ಪೂರ್ತಿ ಹಾಕಿ ಹುಡುಕಿ; ಎಲ್ಲೂ ಸಿಗದಿದ್ದರೆ ಕೈಬಿಡಿ.

## ಹಂತ 3: ಮಾಹಿತಿಯನ್ನು ಸ್ವಚ್ಛ ಮಾಡಿ

ಇಡೀ ಕೆಲಸದ ಮುಕ್ಕಾಲು ಭಾಗ ಇಲ್ಲಿದೆ. ಐವತ್ತು ರೆಫರೆನ್ಸ್‌ಗಳಿಗೆ ಒಂದು ಮಧ್ಯಾಹ್ನ ಎತ್ತಿಡಿ. ಪ್ರತಿ ಆಕರವನ್ನೂ ಅದರ ಪಿಡಿಎಫ್‌ನ ಮೊದಲ ಪುಟದ ಜೊತೆ ಹೋಲಿಸಿ ನೋಡಬೇಕು.

ಲೇಖಕರ ಹೆಸರು. ನಮ್ಮ ಕಡೆಯವರಿಗೆ ಅಡ್ಡಹೆಸರು ಇರುತ್ತದೆ, ಹಾಗಾಗಿ ಪಾಟೀಲ, ಹಿರೇಮಠ, ಕುಲಕರ್ಣಿ, ಬಡಿಗೇರ ಸುಲಭವಾಗಿ ಕೂರುತ್ತಾರೆ. ತೊಡಕಿರುವುದು ಇನಿಶಿಯಲ್ ಮಾತ್ರ ಇರುವ ಹೆಸರುಗಳಲ್ಲಿ. ‘ಮಂಜುನಾಥ ಕೆ.’ ಎಂಬ ಹೆಸರು ಬಂದರೆ ತಂತ್ರಾಂಶ ‘ಕೆ’ಯನ್ನೇ ಅಡ್ಡಹೆಸರು ಎಂದುಕೊಂಡು ‘ಕೆ, ಎಂ.’ ಎಂದು ಅಚ್ಚು ಹಾಕುತ್ತದೆ. ಪಟ್ಟಿಯಲ್ಲಿ ಒಂದೇ ಅಕ್ಷರದ ಅಡ್ಡಹೆಸರು ಕಂಡರೆ ಅಲ್ಲಿ ನಿಂತು, ಮೂಲ ಪೇಪರ್‌ನಲ್ಲಿ ‘ಹೀಗೆ ಉಲ್ಲೇಖಿಸಿ’ ಎಂಬ ಸಾಲಿದ್ದರೆ ಅದರಂತೆ ತಿದ್ದಿ. ‘ಬಸವರಾಜ’ ಎಂದಷ್ಟೇ ಇರುವ ಹೆಸರನ್ನು ಒಂದೇ ಖಾನೆಯಲ್ಲಿ ಬರೆಯಿರಿ, ಇಲ್ಲದ ಇನಿಶಿಯಲ್ ಸೇರಿಸಬೇಡಿ.

ಪಾಟೀಲರದ್ದು ಬೇರೆಯೇ ಸಮಸ್ಯೆ: ಪಟ್ಟಿಯ ತುಂಬ ಅವರೇ ಇರುತ್ತಾರೆ. ಎಪಿಎಯಲ್ಲಿ ಇಬ್ಬರು ಬೇರೆ ಬೇರೆ ಪಾಟೀಲರು ಮೊದಲ ಲೇಖಕರಾಗಿದ್ದರೆ ಪಠ್ಯದೊಳಗೂ ಇನಿಶಿಯಲ್ ಬರಬೇಕು. ಒಬ್ಬರೇ ಪಾಟೀಲರ ಒಂದೇ ವರ್ಷದ ಎರಡು ಪೇಪರ್‌ಗಳಿದ್ದರೆ ವರ್ಷದ ಮುಂದೆ ಎ, ಬಿ ಅಕ್ಷರ ಬರಬೇಕು. ಎರಡನ್ನೂ ತಂತ್ರಾಂಶ ತಾನೇ ಮಾಡುತ್ತದೆ, ಆದರೆ ಒಬ್ಬರೇ ವ್ಯಕ್ತಿ ನಿಮ್ಮ ಝೋಟೆರೋ ಲೈಬ್ರರಿಯಲ್ಲಿ ಒಂದೇ ರೀತಿ ದಾಖಲಾಗಿದ್ದರೆ ಮಾತ್ರ. ಒಂದು ಕಡೆ ‘ಎಸ್. ಬಿ.’, ಇನ್ನೊಂದು ಕಡೆ ‘ಎಸ್.’ ಎಂದಿದ್ದರೆ ತಂತ್ರಾಂಶಕ್ಕೆ ಅವರು ಇಬ್ಬರು. ಪಠ್ಯದಲ್ಲಿ ಕೆಲವು ಕಡೆ ಮಾತ್ರ ಇನಿಶಿಯಲ್ ಕಾಣಿಸಿಕೊಂಡರೆ ಮೊದಲು ಇದನ್ನೇ ನೋಡಿ. ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಪೇಪರ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ. ಕುಲಕರ್ಣಿಯವರ ಕಾಗುಣಿತ ತಿದ್ದುವುದು ನಮ್ಮ ಕೆಲಸವಲ್ಲ.

ಸಂಸ್ಥೆಯೇ ಲೇಖಕ ಆದಾಗ. ತೋಟಗಾರಿಕೆ ವಿಶ್ವವಿದ್ಯಾಲಯದ ಬೇಸಾಯ ಕೈಪಿಡಿ, ಜನಗಣತಿ ವರದಿ, ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆ, ಇವುಗಳಲ್ಲಿ ಸಂಸ್ಥೆಯ ಹೆಸರೇ ಲೇಖಕನ ಜಾಗದಲ್ಲಿ ಬರುತ್ತದೆ. ಎರಡು ಖಾನೆಯಲ್ಲಿ ತುಂಬಿದರೆ ವಿಶ್ವ ಆರೋಗ್ಯ ಸಂಸ್ಥೆಯು ‘ಆರ್ಗನೈಜೇಶನ್, ಡಬ್ಲ್ಯು. ಎಚ್.’ ಎಂಬ ಮಹಾಶಯರಾಗಿ ಹೊರಬರುತ್ತದೆ. ಹೆಸರಿನ ಪಕ್ಕದ ಚಿಕ್ಕ ಬಟನ್ ಒತ್ತಿ ಒಂದೇ ಖಾನೆಗೆ ಬದಲಿಸಿ.

ಶೀರ್ಷಿಕೆ. ಝೋಟೆರೋದೊಳಗೆ ಶೀರ್ಷಿಕೆಗಳನ್ನು ವಾಕ್ಯದಂತೆ ಇಡಿ, ಅಂದರೆ ಮೊದಲ ಪದಕ್ಕೆ ಮತ್ತು ಅಂಕಿತನಾಮಗಳಿಗೆ ಮಾತ್ರ ದೊಡ್ಡಕ್ಷರ. ಪ್ರತಿ ಪದಕ್ಕೂ ದೊಡ್ಡಕ್ಷರ ಬೇಕೆನ್ನುವ ಶೈಲಿ ಅದನ್ನು ತಾನೇ ಮಾಡಿಕೊಳ್ಳುತ್ತದೆ. ದೊಡ್ಡಕ್ಷರದಿಂದ ಚಿಕ್ಕದಕ್ಕೆ ಬರುವ ದಾರಿ ಮಾತ್ರ ಅದಕ್ಕೆ ಗೊತ್ತಿಲ್ಲ. ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬದಲಿಸುವ ಆಯ್ಕೆ ಸಿಗುತ್ತದೆ. ಬದಲಿಸಿದ ಮೇಲೆ ಕರ್ನಾಟಕ, ಡಿಎನ್‌ಎಯಂಥ ಪದಗಳೂ ಚಿಕ್ಕಕ್ಷರವಾಗಿಲ್ಲವೇ ಎಂದು ನೋಡಿ ಕೈಯಿಂದ ಸರಿಪಡಿಸಿ.

ದಾಳಿಂಬೆ, ದ್ರಾಕ್ಷಿಯ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು. ಪ್ಯೂನಿಕಾ ಗ್ರನಾಟಮ್, ವಿಟಿಸ್ ವಿನಿಫೆರಾದಂಥ ವೈಜ್ಞಾನಿಕ ಹೆಸರುಗಳು ಓರೆಯಕ್ಷರದಲ್ಲಿ ಇರಲೇಬೇಕು, ಆದರೆ ಎಳೆದುಕೊಂಡ ಮಾಹಿತಿಯಲ್ಲಿ ಓರೆ ಹಲವು ಸಲ ಉಳಿದಿರುವುದಿಲ್ಲ. ಅದನ್ನು ವರ್ಡ್‌ನಲ್ಲಿ ಹಾಕಿದರೆ ಪಟ್ಟಿ ಹೊಸದಾಗುವಾಗ ಅಳಿಸಿಹೋಗುತ್ತದೆ. ಝೋಟೆರೋದ ಶೀರ್ಷಿಕೆ ಖಾನೆಯಲ್ಲೇ ವೆಬ್ ಪುಟಗಳ ಓರೆ ಟ್ಯಾಗ್ ಅನ್ನು ಹಾಕಿ: ಹೆಸರಿನ ಮೊದಲು <i>, ಕೊನೆಗೆ </i>.

ಊರಿನ ಹೆಸರು. 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೆ ಮುಂಚಿನ ಶೀರ್ಷಿಕೆಗಳನ್ನು ಬದಲಿಸಬೇಡಿ. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 21ನೇ ಸಂಪುಟ ಬೆಳಗಾಂ, 23ನೇ ಸಂಪುಟ ಬಿಜಾಪುರ. ಪಟ್ಟಿಯಲ್ಲಿ ಹಾಗೇ ಇರಬೇಕು. ಅಭಿಮಾನದಿಂದ ವಿಜಯಪುರ ಎಂದು ಬರೆದರೆ ಗ್ರಂಥಾಲಯದ ಯಾವ ಸೂಚಿಯಲ್ಲೂ ಆ ಪುಸ್ತಕ ಸಿಗುವುದಿಲ್ಲ. ನಿಮ್ಮ ಸ್ವಂತ ಪಠ್ಯದಲ್ಲಿ ಇಂದಿನ ಹೆಸರು ಬಳಸಿ. ಅಂದಹಾಗೆ, ಸ್ಕ್ಯಾನ್ ಆಗಿರುವ ಇಂಥ ಹಳೆಯ ಪಿಡಿಎಫ್‌ಗಳಲ್ಲಿ ಓದಬಲ್ಲ ಅಕ್ಷರಗಳೇ ಇಲ್ಲದಿದ್ದರೆ ತಂತ್ರಾಂಶ ಏನನ್ನೂ ಹೆಕ್ಕುವುದಿಲ್ಲ. ಇವನ್ನು ಕೈಯಿಂದಲೇ ತುಂಬಬೇಕು.

ಕನ್ನಡ ಆಕರಗಳು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡವನ್ನು ಝೋಟೆರೋಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಂಗ್ಲಿಷ್ ಜರ್ನಲ್‌ಗಾದರೆ ಕನ್ನಡ ಲಿಪಿ ಸಾಮಾನ್ಯವಾಗಿ ಬೇಡ: ಎಪಿಎ ಪ್ರಕಾರ ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಪಕ್ಕದ ಚೌಕ ಆವರಣದಲ್ಲಿ ಅನುವಾದ ಕೊಡಬೇಕು. ವ್ಯಾಂಕೂವರ್‌ನಲ್ಲಿ ಕೊನೆಗೆ ಭಾಷೆಯ ಹೆಸರೂ ಬರುತ್ತದೆ.

ಉಳಿದ ಚಿಲ್ಲರೆ: ಒಂದೇ ಪೇಪರ್ ಎರಡು ಸಲ ಬಂದಿದ್ದರೆ ಡುಪ್ಲಿಕೇಟ್ ಪಟ್ಟಿಯಲ್ಲಿ ಒಂದುಗೂಡಿಸಿ. ಸಂಪುಟ ಸಿಗುವ ಮೊದಲೇ ಆನ್‌ಲೈನ್‌ನಲ್ಲಿ ಬಂದಿದ್ದ ಪೇಪರ್‌ಗೆ ಈಗ ಸಂಪುಟ, ಪುಟ ಬಂದಿವೆಯೇ ನೋಡಿ. ಆನ್‌ಲೈನ್ ಜರ್ನಲ್‌ಗಳಲ್ಲಿ ಪುಟದ ಬದಲು ಲೇಖನ ಸಂಖ್ಯೆ ಇರುತ್ತದೆ, ಅದನ್ನು ಬಿಡಬೇಡಿ; ಪಿಡಿಎಫ್‌ನ 1ರಿಂದ 12 ಎಂಬುದನ್ನು ಪುಟಸಂಖ್ಯೆ ಎಂದು ಬರೆಯಬೇಡಿ.

## ಹಂತ 4: ಪಠ್ಯದಲ್ಲಿ ಉಲ್ಲೇಖ ಕೂರಿಸಿ

ವರ್ಡ್‌ನ ಝೋಟೆರೋ ಟ್ಯಾಬ್‌ನಿಂದಲೇ ಸೇರಿಸಿ. ಆವರಣವನ್ನಾಗಲಿ ಸಂಖ್ಯೆಯನ್ನಾಗಲಿ ನೀವು ಟೈಪ್ ಮಾಡಬೇಡಿ. ಒಂದೇ ಜಾಗದಲ್ಲಿ ಮೂರು ಆಕರಗಳಿದ್ದರೆ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ. ಬೇರೆ ಬೇರೆಯಾಗಿ ಸೇರಿಸಿದರೆ [4][5][6] ಎಂದು ಬರುತ್ತದೆ, ಜರ್ನಲ್‌ಗೆ ಬೇಕಾದದ್ದು [4–6].

‘ಪಾಟೀಲ (2018) ತೋರಿಸಿದಂತೆ’ ಎಂದು ವಾಕ್ಯದೊಳಗೇ ಹೆಸರು ಬರುವ ಕಡೆ ಹೆಸರನ್ನು ನೀವೇ ಬರೆದು, ಉಲ್ಲೇಖದ ಗುಳ್ಳೆಯ ಮೇಲೆ ಕ್ಲಿಕ್ ಮಾಡಿ ಲೇಖಕರ ಹೆಸರು ಬಿಡುವ ಆಯ್ಕೆ ಗುರುತು ಹಾಕಿ. ಪುಟಸಂಖ್ಯೆ ಸೇರಿಸುವುದೂ ಅಲ್ಲೇ.

ಸಂಖ್ಯಾ ಶೈಲಿಯಲ್ಲಿ ಕೋಷ್ಟಕಗಳು ಮೋಸ ಮಾಡುತ್ತವೆ. ಕೋಷ್ಟಕದಲ್ಲಿ ಮಾತ್ರ ಬರುವ ಆಕರಗಳಿಗೆ, ಆ ಕೋಷ್ಟಕ ಪಠ್ಯದಲ್ಲಿ ಮೊದಲು ಪ್ರಸ್ತಾಪವಾಗುವ ಜಾಗದ ಲೆಕ್ಕದಲ್ಲಿ ಸಂಖ್ಯೆ ಸಿಗಬೇಕು. ಜರ್ನಲ್ ಕೋಷ್ಟಕಗಳನ್ನು ಕೊನೆಗಿಡಿ ಎಂದರೆ ತಂತ್ರಾಂಶ ಅವುಗಳಿಗೆ ಕೊನೆಯ ಸಂಖ್ಯೆ ಕೊಡುತ್ತದೆ. ಪರಿಹಾರ: ಕೆಲಸ ಮುಗಿಯುವವರೆಗೆ ಕೋಷ್ಟಕವನ್ನು ಅದು ಮೊದಲು ಬರುವ ಪ್ಯಾರಾದ ಕೆಳಗೇ ಇಟ್ಟುಕೊಳ್ಳಿ. ಹಂತ 7ರಲ್ಲಿ ಉಲ್ಲೇಖಗಳಿಗೂ ಝೋಟೆರೋಗೂ ಇರುವ ಕೊಂಡಿ ಬಿಡಿಸಿದ ಮೇಲೆ ಕೊನೆಗೆ ಸಾಗಿಸಿ.

ಸಾರಾಂಶದಲ್ಲಿ ಉಲ್ಲೇಖ ಹಾಕಬೇಡಿ. ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಂಡ, ನೀವು ತೆರೆದೂ ನೋಡದ ಪೇಪರನ್ನು ಉಲ್ಲೇಖಿಸಬೇಡಿ. ಅವರ ಪುಟಸಂಖ್ಯೆ ತಪ್ಪಿದ್ದರೆ ನಿಮ್ಮದೂ ಅದೇ ಜಾಗದಲ್ಲಿ ತಪ್ಪಾಗಿ, ಕಾಪಿ ಹೊಡೆದದ್ದು ಎದ್ದು ಕಾಣುತ್ತದೆ.

ಹಲವರು ಸೇರಿ ಬರೆಯುವಾಗ. ಒಬ್ಬರು ಮೆಂಡೆಲಿ, ಇನ್ನೊಬ್ಬರು ಝೋಟೆರೋ ಬಳಸಿದರೆ ಫೈಲ್ ಕೆಟ್ಟಿತೆಂದೇ ತಿಳಿಯಿರಿ. ಒಂದರ ಉಲ್ಲೇಖ ಇನ್ನೊಂದಕ್ಕೆ ಬರಿಯ ಅಕ್ಷರ. ಒಬ್ಬರ ಕೈಯಲ್ಲಿ ಮೂಲ ಫೈಲ್ ಇರಲಿ, ಉಳಿದವರು ಕಾಮೆಂಟ್ ಹಾಕಲಿ. ಗೈಡ್ ಬೇರೆ ಆಫೀಸ್ ತಂತ್ರಾಂಶದಲ್ಲಿ ತೆರೆದು ಉಳಿಸಿದರೆ ಒಳಗಿನ ಕೊಂಡಿ ಕಳಚಬಹುದು. ಅವರಿಗೆ ಪಿಡಿಎಫ್ ಕೊಡುವುದು ಲೇಸು. ಕೊಂಡಿ ಉಳಿದಿದೆಯೇ ನೋಡಲು ಉಲ್ಲೇಖದ ಮೇಲೆ ಕ್ಲಿಕ್ ಮಾಡಿ: ಇಡೀ ಆವರಣ ಬೂದುಬಣ್ಣಕ್ಕೆ ತಿರುಗಿದರೆ ಜೀವವಿದೆ, ಇಲ್ಲದಿದ್ದರೆ ಹೋಯಿತು.

## ಹಂತ 5: ಈಗ ಶೈಲಿ ಆರಿಸಿ

ಝೋಟೆರೋದ ಶೈಲಿ ಭಂಡಾರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ. ಹೆಚ್ಚಿನ ಜರ್ನಲ್‌ಗಳು ಹೆಸರಿನಿಂದಲೇ ಸಿಗುತ್ತವೆ. ಶೈಲಿ ಆರಿಸಿ, ಪಟ್ಟಿ ಬರಬೇಕಾದ ಜಾಗದಲ್ಲಿ ಬಿಬ್ಲಿಯಾಗ್ರಫಿ ಬಟನ್ ಒತ್ತಿ. ಜರ್ನಲ್ ಸಿಗದಿದ್ದರೆ ಅದೇ ಪ್ರಕಾಶಕರ, ಹಂತ 1ರ ಹಾಳೆಗೆ ಹೆಚ್ಚು ಹೊಂದುವ ಶೈಲಿ ತೆಗೆದುಕೊಳ್ಳಿ.

ಒಂದೇ ಆಕರ ಮೂರು ಶೈಲಿಯಲ್ಲಿ ಹೇಗೆ ಕಾಣುತ್ತದೆಂದು ರಾಮನ್ ಮತ್ತು ಕೃಷ್ಣನ್ ಅವರ 1928ರ ಪೇಪರ್ ಇಟ್ಟುಕೊಂಡು ನೋಡೋಣ. ಹಸ್ತಪ್ರತಿಯಲ್ಲಿ ಇವು ಇಂಗ್ಲಿಷ್ ಲಿಪಿಯಲ್ಲಿರುತ್ತವೆ. ಇಲ್ಲಿ ಚಿಹ್ನೆ ಮತ್ತು ಕ್ರಮವನ್ನಷ್ಟೇ ಗಮನಿಸಿ.

ವ್ಯಾಂಕೂವರ್: ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್. ನೇಚರ್. 1928;121(3048):501-2.

ಎಪಿಎ: ರಾಮನ್, ಸಿ. ವಿ., & ಕೃಷ್ಣನ್, ಕೆ. ಎಸ್. (1928). ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್. *ನೇಚರ್*, *121*(3048), 501–502.

ಐಇಇಇ: [1] ಸಿ. ವಿ. ರಾಮನ್ ಆ್ಯಂಡ್ ಕೆ. ಎಸ್. ಕೃಷ್ಣನ್, “ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್,” *ನೇಚರ್*, ವಾಲ್ಯೂಮ್ 121, ನಂ. 3048, ಪಿಪಿ. 501–502, ಮಾರ್ಚ್ 1928.

ವ್ಯಾಂಕೂವರ್‌ನಲ್ಲಿ ಇನಿಶಿಯಲ್‌ಗಳ ನಡುವೆ ಚುಕ್ಕಿಯೂ ಇಲ್ಲ, ಜಾಗವೂ ಇಲ್ಲ. ಕೊನೆಯ ಪುಟ 2 ಎಂದಷ್ಟೇ ಇದೆ. ಎಪಿಎಯಲ್ಲಿ ಜರ್ನಲ್ ಹೆಸರಿನ ಜೊತೆ ಸಂಪುಟವೂ ಓರೆ, ಸಂಚಿಕೆ ನೇರ. ಐಇಇಇಯಲ್ಲಿ ಇನಿಶಿಯಲ್ ಮೊದಲು, ಅಲ್ಪವಿರಾಮ ಉದ್ಧರಣ ಚಿಹ್ನೆಯ ಒಳಗೆ. ಇಷ್ಟನ್ನು ಐವತ್ತು ಸಲ ತಪ್ಪಿಲ್ಲದೆ ಕೈಯಲ್ಲಿ ಮಾಡುವ ತಾಳ್ಮೆ ಯಾರಿಗಿದೆ?

ಜರ್ನಲ್ ಹೆಸರಿನ ಸಂಕ್ಷೇಪವನ್ನು ನೀವೇ ಕಟ್ಟಬೇಡಿ. ವೈದ್ಯಕೀಯಕ್ಕೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಎನ್‌ಎಲ್‌ಎಂ ಕ್ಯಾಟಲಾಗ್‌ನಲ್ಲಿ ಹುಡುಕಿ. ನೇಚರ್‌ನಂಥ ಒಂದೇ ಪದದ ಹೆಸರನ್ನು ಸಂಕ್ಷೇಪಿಸುವುದಿಲ್ಲ.

ಪಟ್ಟಿಯಲ್ಲಿ ತಪ್ಪು ಕಂಡರೆ ವರ್ಡ್‌ನಲ್ಲಿ ತಿದ್ದಬೇಡಿ. ಝೋಟೆರೋದಲ್ಲಿ ತಿದ್ದಿ, ವರ್ಡ್‌ಗೆ ಬಂದು ರಿಫ್ರೆಶ್ ಒತ್ತಿ. ನಿನ್ನೆ ತಿದ್ದಿದ್ದು ಇವತ್ತು ಮತ್ತೆ ತಪ್ಪಾಗಿ ಬಂದಿದೆ ಎಂಬ ದೂರಿನ ಮೂಲ ಇದೇ.

## ಹಂತ 6: ಮುದ್ರಿಸಿ, ಪೆನ್ನು ಹಿಡಿದು ತಾಳೆ ನೋಡಿ

ಪರದೆಯ ಮೇಲೆ ಬೇಡ. ಪಟ್ಟಿಯನ್ನು ಪ್ರಿಂಟ್ ತೆಗೆಯಿರಿ. ಪಠ್ಯವನ್ನು ಮೊದಲಿಂದ ಓದುತ್ತ ಒಂದೊಂದು ಉಲ್ಲೇಖ ಬಂದಾಗಲೂ ಪಟ್ಟಿಯಲ್ಲಿ ಗುರುತು ಹಾಕಿ. ಗುರುತು ಬೀಳದೆ ಉಳಿದದ್ದು ಪಠ್ಯದಲ್ಲಿಲ್ಲ. ಪಟ್ಟಿಯಲ್ಲಿ ಸಿಗದ ಉಲ್ಲೇಖವನ್ನು ಯಾರೋ ಕೈಯಿಂದ ಟೈಪ್ ಮಾಡಿದ್ದಾರೆ. ಸಂಖ್ಯಾ ಶೈಲಿಯಲ್ಲಿ ಹೊಸ ಸಂಖ್ಯೆಗಳು 1, 2, 3 ಎಂದು ಏರುತ್ತ ಹೋಗಬೇಕು. 7ರ ನಂತರ ಹಠಾತ್ತನೆ 12 ಕಂಡರೆ ನಡುವೆ ಯಾವುದೋ ಕೊಂಡಿ ಸತ್ತಿದೆ.

ಆಮೇಲೆ ಪ್ರತಿ ಡಿಒಐ ಕ್ಲಿಕ್ ಮಾಡಿ ತೆರೆಯಿರಿ. ಐವತ್ತಕ್ಕೆ ಅರ್ಧ ಗಂಟೆ ಸಾಕು. ಜರ್ನಲ್ ಹಿಂತೆಗೆದುಕೊಂಡ ಪೇಪರ್ ನಿಮ್ಮ ಲೈಬ್ರರಿಯಲ್ಲಿದ್ದರೆ ಝೋಟೆರೋ ಕೆಂಪು ಪಟ್ಟಿ ತೋರಿಸುತ್ತದೆ, ಆದರೆ ಆಕರಕ್ಕೆ ಡಿಒಐ ಇಲ್ಲವೇ ಪಬ್‌ಮೆಡ್ ಸಂಖ್ಯೆ ಇದ್ದರೆ ಮಾತ್ರ. ಕೆಂಪು ಕಂಡರೆ ಆ ಪೇಪರನ್ನು ತೆಗೆಯಿರಿ, ಅದರ ಮೇಲೆ ನಿಂತ ನಿಮ್ಮ ವಾಕ್ಯವನ್ನೂ ಮತ್ತೆ ಯೋಚಿಸಿ.

ಪಟ್ಟಿಯ ತಲೆಬರಹ ಜರ್ನಲ್ ಹೇಳಿದ ಪದದಲ್ಲೇ ಇರಲಿ, ಸಾಮಾನ್ಯವಾಗಿ ‘ರೆಫರೆನ್ಸಸ್’. ಹೆಸರು ಬದಲಿಸಿದರೆ ಕೃತಿಚೌರ್ಯ ತಪಾಸಣೆಯ ತಂತ್ರಾಂಶ ಪಟ್ಟಿಯನ್ನು ಗುರುತಿಸದೆ, ಅದನ್ನೂ ಹೋಲಿಕೆಯ ಶೇಕಡಾವಾರಿಗೆ ಸೇರಿಸಿಬಿಡಬಹುದು.

## ಹಂತ 7: ಎರಡು ಫೈಲ್ ಮಾಡಿ ಕಳಿಸಿ

ಕೊಂಡಿಗಳಿರುವ ಫೈಲನ್ನು ಒಂದು ಹೆಸರಲ್ಲಿ ಉಳಿಸಿ, ಅದನ್ನು ಮುಟ್ಟಬೇಡಿ. ಬೇರೆ ಹೆಸರಿನ ಪ್ರತಿಯಲ್ಲಿ ಮಾತ್ರ ‘ಅನ್‌ಲಿಂಕ್ ಸೈಟೇಶನ್ಸ್’ ಒತ್ತಿ; ಉಲ್ಲೇಖಗಳೆಲ್ಲ ಸಾದಾ ಅಕ್ಷರವಾಗುತ್ತವೆ. ಉಳಿಸಿ ಮುಚ್ಚಿದ ಮೇಲೆ ಇದನ್ನು ಹಿಂದಕ್ಕೆ ತರಲಾಗದು, ಅದಕ್ಕೇ ಎರಡು ಫೈಲ್. ಶೈಲಿ ಭಂಡಾರ ಒದಗಿಸಲಾಗದ ಜರ್ನಲ್‌ನ ಸಣ್ಣ ವಿಚಿತ್ರಗಳೇನಾದರೂ ಉಳಿದಿದ್ದರೆ ಈಗ, ಈ ಪ್ರತಿಯಲ್ಲಿ, ಕೈಯಿಂದ ತಿದ್ದಿ.

ವಿಮರ್ಶಕರು ಇನ್ನೆರಡು ಪೇಪರ್ ಸೇರಿಸಿ ಎಂದಾಗ ಕೊಂಡಿಯಿರುವ ಫೈಲ್‌ಗೇ ಹೋಗಿ. ಸಾದಾ ಪ್ರತಿಯಲ್ಲಿ ನಡುವೆ ಒಂದು ಸೇರಿಸಿದರೂ ಮುಂದಿನ ಸಂಖ್ಯೆಗಳನ್ನೆಲ್ಲ ಕೈಯಿಂದ ಬದಲಿಸಬೇಕಾಗುತ್ತದೆ. ಹೆಸರಿಗೆ ‘ಫೈನಲ್’, ‘ಫೈನಲ್ 2’, ‘ಲಾಸ್ಟ್ ಫೈನಲ್’ ಬೇಡ, ದಿನಾಂಕ ಹಾಕಿ.

ಸ್ವೀಕೃತವಾದ ಮೇಲೆ ಅಚ್ಚಿನ ಕರಡಿನ ಜೊತೆ ಪ್ರಕಾಶಕರು ಪ್ರಶ್ನೆಗಳ ಪಟ್ಟಿ ಕಳಿಸುತ್ತಾರೆ: 14ನೇ ಆಕರ ಪಠ್ಯದಲ್ಲಿಲ್ಲ, 22ಕ್ಕೆ ಪುಟಸಂಖ್ಯೆ ಕೊಡಿ, ಹೀಗೆ. ಉತ್ತರಿಸಲು ಎರಡು ಮೂರು ದಿನ ಕೊಟ್ಟರೆ ಹೆಚ್ಚು. ಪ್ರತಿ ಪ್ರಶ್ನೆಗೂ ಅದರ ಸಂಖ್ಯೆ ಹಾಕಿ ಉತ್ತರಿಸಿ. ‘ಓಕೆ’ ಎಂದಷ್ಟೇ ಬರೆದರೆ ಅವರು ಊಹಿಸಿ ತಿದ್ದಿಬಿಡಬಹುದು. 14ನ್ನು ತೆಗೆಯಿರಿ ಎನ್ನುವುದಾದರೆ 15ರಿಂದ ಮುಂದಿನವು ಪಠ್ಯ, ಕೋಷ್ಟಕ, ಚಿತ್ರಗಳ ಅಡಿಬರಹ ಎಲ್ಲೆಡೆ ಒಂದೊಂದು ಕಡಿಮೆಯಾಗಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಚಿತ್ರದ ಒಳಗೇ ಸಂಖ್ಯೆ ಬರೆದಿದ್ದರೆ ಹೊಸ ಚಿತ್ರವನ್ನೂ ಜೊತೆಗೆ ಕಳಿಸಿ.